ಥಾಮಸ್ ವಿಲ್ಲಿಸ್

ಥಾಮಸ್ ವಿಲ್ಲಿಸ್ (೨೭ ಜನವರಿ ೧೬೨೧ – ೧೧ ನವೆಂಬರ್ ೧೬೭೫) ಹದಿನೇಳನೆಯ ಶತಮಾನದ ಇಂಗ್ಲೆಂಡಿನ ವೈದ್ಯರು, ಅಂಗರಚನಾ ಶಾಸ್ತ್ರಜ್ಞರು ಹಾಗೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಮಿದುಳು ಮತ್ತು ನರಗಳ ವೈಜ್ಞಾನಿಕ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು. ೧೬೬೪ರಲ್ಲಿ ಪ್ರಕಟವಾದ ಇವರ ಲ್ಯಾಟಿನ್ ಗ್ರಂಥ ಸೆರೆಬ್ರಿ ಅನಾಟಮೆ ಸುಮಾರು ಎರಡು ಶತಮಾನಗಳ ಕಾಲ ಮಿದುಳಿನ ರಚನೆಯ ಬಗ್ಗೆ ಆಧಾರಗ್ರಂಥವಾಗಿ ಉಳಿಯಿತು. ನರವಿಜ್ಞಾನವನ್ನು ಸೂಚಿಸುವ ನ್ಯೂರಾಲಜಿ ಎಂಬ ಪದವು ಮೊದಲು ಬಳಕೆಗೆ ಬಂದದ್ದು ಈ ಗ್ರಂಥದಲ್ಲಿಯೇ.

ಮಿದುಳಿನ ತಳಭಾಗದಲ್ಲಿ ಅಪಧಮನಿಗಳು ಒಂದಕ್ಕೊಂದು ಕೂಡಿಕೊಂಡು ಉಂಟಾಗುವ ಉಂಗುರಾಕಾರದ ರಚನೆಗೆ ಇವರ ಹೆಸರಿನಿಂದ ವಿಲ್ಲಿಸ್ ವರ್ತುಲ ಎಂದು ಕರೆಯಲಾಗುತ್ತದೆ. ಈ ಉಂಗುರವನ್ನು ಮೊದಲು ಕಂಡವರು ವಿಲ್ಲಿಸ್ ಅಲ್ಲ. ಒಂದು ನಾಳವು ಮುಚ್ಚಿಹೋದಾಗ ಮತ್ತೊಂದು ನಾಳವು ಮಿದುಳಿಗೆ ರಕ್ತವನ್ನು ಒದಗಿಸಬಲ್ಲದು ಎಂಬ ಅದರ ಪ್ರಯೋಜನವನ್ನು ಶವಪರೀಕ್ಷೆ ಮತ್ತು ಪ್ರಯೋಗಗಳ ಆಧಾರದಿಂದ ವಿವರಿಸಿದ್ದು ಇವರ ಹೆಚ್ಚುಗಾರಿಕೆ. ಇದೇ ಉಂಗುರದ ನಾಳಗಳ ಗೋಡೆ ದಪ್ಪವಾಗಿ ಕ್ರಮೇಣ ಮುಚ್ಚಿಕೊಳ್ಳುವ ಮೋಯಾಮೋಯಾ ಎಂಬ ಅಪರೂಪದ ಕಾಯಿಲೆಯನ್ನು ಅರ್ಥಮಾಡಿಕೊಳ್ಳುವಾಗ ವಿಲ್ಲಿಸ್ ಅವರ ವಿವರಣೆಯು ಇಂದಿಗೂ ಉಪಯುಕ್ತವಾಗಿದೆ.

ಜನನ ಮತ್ತು ಬಾಲ್ಯ

ವಿಲ್ಲಿಸ್ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತ್ಯದ ಗ್ರೇಟ್ ಬೆಡ್ವಿನ್ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆಯ ಹೆಸರೂ ಥಾಮಸ್ ವಿಲ್ಲಿಸ್. ತಾಯಿ ರೇಚಲ್ ಹೋವೆಲ್. ಕುಟುಂಬವು ಬೇಸಾಯವನ್ನು ಅವಲಂಬಿಸಿತ್ತು. ಮುಂದೆ ಅವರು ಆಕ್ಸ್‌ಫರ್ಡ್ ನಗರದ ಸಮೀಪದ ನಾರ್ತ್ ಹಿಂಕ್ಸಿ ಎಂಬಲ್ಲಿ ನೆಲೆಸಿದರು. ವಿಲ್ಲಿಸ್ ಅವರ ಪ್ರಾರಂಭಿಕ ಶಿಕ್ಷಣವು ಆಕ್ಸ್‌ಫರ್ಡಿನಲ್ಲಿ ಎಡ್ವರ್ಡ್ ಸಿಲ್ವೆಸ್ಟರ್ ಎಂಬವರು ನಡೆಸುತ್ತಿದ್ದ ಶಾಲೆಯಲ್ಲಿ ನಡೆಯಿತು.

ವಿದ್ಯಾಭ್ಯಾಸ ಮತ್ತು ಅಂತರ್ಯುದ್ಧ

೧೬೩೭ರಲ್ಲಿ ವಿಲ್ಲಿಸ್ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದರು. ಶುಲ್ಕವನ್ನು ಭರಿಸಲಾಗದ ವಿದ್ಯಾರ್ಥಿಗಳು ಹಿರಿಯರೊಬ್ಬರ ಸೇವೆ ಮಾಡಿಕೊಂಡು ಓದುವ ಪದ್ಧತಿ ಆಗ ಅಲ್ಲಿತ್ತು. ಅದರಂತೆ ಇವರು ಥಾಮಸ್ ಐಲ್ಸ್ ಎಂಬ ಧರ್ಮಾಧಿಕಾರಿಯ ಮನೆಯಲ್ಲಿ ಸೇವೆಗೆ ನಿಂತರು. ಐಲ್ಸ್ ಅವರ ಪತ್ನಿಗೆ ಔಷಧ ತಯಾರಿಕೆಯಲ್ಲಿ ಪರಿಣತಿಯಿತ್ತು. ಆಕೆಗೆ ನೆರವಾಗುತ್ತಾ ವಿಲ್ಲಿಸ್ ವೈದ್ಯವಿದ್ಯೆಯ ಮೊದಲ ಪಾಠಗಳನ್ನು ಕಲಿತರೆಂದು ಸಮಕಾಲೀನ ಲೇಖಕ ಜಾನ್ ಆಬ್ರೆ ದಾಖಲಿಸಿದ್ದಾರೆ. ವಿಲ್ಲಿಸ್ ೧೬೩೯ರಲ್ಲಿ ಬಿ.ಎ. ಪದವಿಯನ್ನೂ ೧೬೪೨ರಲ್ಲಿ ಎಂ.ಎ. ಪದವಿಯನ್ನೂ ಪಡೆದರು.

೧೬೪೨ರಲ್ಲಿ ರಾಜ ಒಂದನೆಯ ಚಾರ್ಲ್ಸ್ ಮತ್ತು ಸಂಸತ್ತಿನ ನಡುವೆ ಅಂತರ್ಯುದ್ಧ ಆರಂಭವಾಯಿತು. ರಾಜನು ಆಕ್ಸ್‌ಫರ್ಡನ್ನೇ ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡದ್ದರಿಂದ ನಗರವು ಸೈನಿಕರಿಂದ ತುಂಬಿಹೋಯಿತು. ೧೬೪೩ರಲ್ಲಿ ಅಲ್ಲಿ ಹಬ್ಬಿದ ಜ್ವರಕ್ಕೆ ವಿಲ್ಲಿಸ್ ಅವರ ತಂದೆ ಬಲಿಯಾದರು. ಈ ಜ್ವರವನ್ನು ವಿಲ್ಲಿಸ್ ಹತ್ತಿರದಿಂದ ಕಂಡಿದ್ದರು. ಮುಂದೆ ಜ್ವರಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಅದರ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದರು. ಅದು ಟೈಫಸ್ ಜ್ವರವಾಗಿತ್ತೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ರಾಜಪಕ್ಷದ ನಿಷ್ಠಾವಂತರಾಗಿದ್ದ ವಿಲ್ಲಿಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪಡೆಯಲ್ಲಿ ಸೇರಿ ನಗರದ ರಕ್ಷಣೆಯಲ್ಲಿ ಪಾಲ್ಗೊಂಡರು. ರಕ್ತಪರಿಚಲನೆಯನ್ನು ೧೬೨೮ರಲ್ಲಿ ಪ್ರತಿಪಾದಿಸಿದ್ದ ವಿಲಿಯಂ ಹಾರ್ವೆ ರಾಜನ ವೈದ್ಯರಾಗಿ ಇದೇ ಸಮಯದಲ್ಲಿ ಆಕ್ಸ್‌ಫರ್ಡಿನಲ್ಲಿ ವಾಸವಾಗಿದ್ದರು. ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆ ಎಂಬ ಹಾರ್ವೆ ಅವರ ಹೊಸ ವಿಚಾರವು ಆಕ್ಸ್‌ಫರ್ಡಿನ ಯುವ ವೈದ್ಯರ ಮೇಲೆ ಆಳವಾದ ಪ್ರಭಾವ ಬೀರಿತು. ೧೬೪೬ರಲ್ಲಿ ನಗರವು ಸಂಸತ್ತಿನ ಪಡೆಗಳಿಗೆ ಶರಣಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಲ್ಲಿಸ್ ವೈದ್ಯಕೀಯ ಪದವಿಯನ್ನು ಪಡೆದರು. ಯುದ್ಧದಿಂದಾಗಿ ಅವರ ಔಪಚಾರಿಕ ವೈದ್ಯಕೀಯ ಅಧ್ಯಯನವು ಬಹಳ ಮೊಟಕಾಗಿತ್ತು. ಹೀಗಾಗಿ ಪ್ರಾಚೀನ ಗ್ರಂಥಗಳ ಕಂಠಪಾಠಕ್ಕಿಂತ ಸ್ವಂತ ಅನುಭವ ಮತ್ತು ವೀಕ್ಷಣೆಯನ್ನೇ ಅವರು ಹೆಚ್ಚಾಗಿ ನೆಚ್ಚಿಕೊಳ್ಳಬೇಕಾಯಿತು.

ವೈದ್ಯವೃತ್ತಿಯ ಆರಂಭ

ವೃತ್ತಿಯ ಮೊದಲ ವರ್ಷಗಳು ಕಷ್ಟದವಾಗಿದ್ದವು. ವಿಲ್ಲಿಸ್ ಅಬಿಂಗ್ಡನ್ ಮುಂತಾದ ಸುತ್ತಲಿನ ಊರುಗಳ ಸಂತೆಗಳಿಗೆ ಹೋಗಿ, ಅಲ್ಲಿಗೆ ಬರುತ್ತಿದ್ದ ರೋಗಿಗಳ ಮೂತ್ರವನ್ನು ಪರೀಕ್ಷಿಸಿ ಔಷಧ ಸೂಚಿಸುತ್ತಿದ್ದರು. ಓಡಾಟಕ್ಕೆ ಒಂದು ಕುದುರೆಯನ್ನು ಮತ್ತೊಬ್ಬ ವೈದ್ಯರೊಂದಿಗೆ ಹಂಚಿಕೊಂಡಿದ್ದರು. ವಿಲ್ಲಿಸ್ ಮಧ್ಯಮ ಎತ್ತರದ, ಕಡುಗೆಂಪು ಕೂದಲಿನ ವ್ಯಕ್ತಿಯಾಗಿದ್ದರು. ಮಾತಿನಲ್ಲಿ ಬಹಳ ತೊದಲುತ್ತಿದ್ದರು. ಮಾತುಗಾರಿಕೆಯಿಂದ ರೋಗಿಗಳನ್ನು ಸೆಳೆಯಬಲ್ಲ ವೈದ್ಯರು ಅವರಾಗಿರಲಿಲ್ಲ. ಆದರೂ ತಾವು ನೋಡಿದ ರೋಗಿಗಳ ವಿವರಗಳನ್ನು ಶ್ರದ್ಧೆಯಿಂದ ಬರೆದಿಡುವ ಅಭ್ಯಾಸವನ್ನು ಬೆಳೆಸಿಕೊಂಡರು. ೧೬೫೦ರ ಸುಮಾರಿನ ಅವರ ರೋಗಿಗಳ ದಾಖಲೆ ಪುಸ್ತಕವೊಂದು ಉಳಿದುಬಂದಿದ್ದು, ಅಂದಿನ ಗ್ರಾಮೀಣ ಇಂಗ್ಲೆಂಡಿನ ರೋಗರುಜಿನಗಳನ್ನು ತಿಳಿಯಲು ಅದು ನೆರವಾಗುತ್ತದೆ.

ರಾಜಪ್ರಭುತ್ವವು ಅಳಿದ ಮೇಲೆ ಇಂಗ್ಲೆಂಡಿನ ಹಳೆಯ ಚರ್ಚಿನ ವಿಧಿಗಳಿಗೆ ನಿಷೇಧವಿತ್ತು. ವಿಲ್ಲಿಸ್ ತಮ್ಮ ಧಾರ್ಮಿಕ ನಂಬಿಕೆಯನ್ನು ಬಿಡಲಿಲ್ಲ. ಆಕ್ಸ್‌ಫರ್ಡಿನಲ್ಲಿದ್ದ ಅವರ ವಸತಿಯಲ್ಲಿಯೇ ಗೌಪ್ಯವಾಗಿ ಪ್ರಾರ್ಥನೆಗಳು ನಡೆಯುತ್ತಿದ್ದವು. ಇದರಲ್ಲಿ ಭಾಗವಹಿಸುತ್ತಿದ್ದ ಜಾನ್ ಫೆಲ್ ಅವರ ಸಹೋದರಿ ಮೇರಿ ಫೆಲ್ ಅವರನ್ನು ವಿಲ್ಲಿಸ್ ೧೬೫೭ರಲ್ಲಿ ವಿವಾಹವಾದರು. ಈ ದಂಪತಿಯ ಮಕ್ಕಳಲ್ಲಿ ಹಲವರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು.

ಇದೇ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಯೋಗಗಳಲ್ಲಿ ಆಸಕ್ತಿಯುಳ್ಳ ವಿದ್ವಾಂಸರ ಗುಂಪೊಂದು ಸೇರುತ್ತಿತ್ತು. ಜಾನ್ ವಿಲ್ಕಿನ್ಸ್, ವಿಲಿಯಂ ಪೆಟ್ಟಿ, ರಾಬರ್ಟ್ ಬಾಯ್ಲ್, ಕ್ರಿಸ್ಟೋಫರ್ ರೆನ್, ರಿಚರ್ಡ್ ಲೋವರ್ ಮುಂತಾದವರು ಅದರಲ್ಲಿದ್ದರು. ಸೂಕ್ಷ್ಮದರ್ಶಕದ ಅಧ್ಯಯನಗಳಿಂದ ಮುಂದೆ ಪ್ರಸಿದ್ಧರಾದ ರಾಬರ್ಟ್ ಹುಕ್, ಬಾಯ್ಲ್ ಅವರ ಬಳಿಗೆ ಹೋಗುವ ಮೊದಲು ವಿಲ್ಲಿಸ್ ಅವರ ರಾಸಾಯನಿಕ ಪ್ರಯೋಗಗಳಲ್ಲಿ ಸಹಾಯಕರಾಗಿದ್ದರು. ಈ ಗುಂಪಿನ ಹಲವು ಸದಸ್ಯರು ಮುಂದೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪಾಲ್ಗೊಂಡರು.

ಆನ್ ಗ್ರೀನ್ ಪ್ರಕರಣ

೧೬೫೦ರ ಡಿಸೆಂಬರ್ ೧೪ರಂದು ನಡೆದ ಘಟನೆಯೊಂದು ವಿಲ್ಲಿಸ್ ಮತ್ತು ಪೆಟ್ಟಿ ಅವರಿಗೆ ಹೆಸರು ತಂದುಕೊಟ್ಟಿತು. ಹುಟ್ಟಿದ ಮಗುವನ್ನು ಕೊಂದ ಆರೋಪದ ಮೇಲೆ ಆನ್ ಗ್ರೀನ್ ಎಂಬ ಮನೆಗೆಲಸದ ಯುವತಿಯನ್ನು ಆಕ್ಸ್‌ಫರ್ಡಿನಲ್ಲಿ ಗಲ್ಲಿಗೇರಿಸಲಾಯಿತು. ಸುಮಾರು ಅರ್ಧ ಗಂಟೆಯ ನಂತರ ಆಕೆ ಸತ್ತಳೆಂದು ತಿಳಿದು ದೇಹವನ್ನು ಶವವಿಚ್ಛೇದನಕ್ಕಾಗಿ ಪೆಟ್ಟಿ ಅವರ ವಸತಿಗೆ ಸಾಗಿಸಿದರು. ಶವಪೆಟ್ಟಿಗೆಯನ್ನು ತೆರೆದಾಗ ಆಕೆಯ ಗಂಟಲಿನಿಂದ ಕ್ಷೀಣವಾದ ಸದ್ದು ಕೇಳಿಸಿತು. ವೈದ್ಯರು ವಿಚ್ಛೇದನವನ್ನು ಕೈಬಿಟ್ಟು ಚಿಕಿತ್ಸೆಗೆ ತೊಡಗಿದರು. ಬಿಸಿ ಪಾನೀಯವನ್ನು ಕುಡಿಸಿದರು, ಕೈಕಾಲುಗಳನ್ನು ಉಜ್ಜಿದರು, ಅಂದಿನ ಪದ್ಧತಿಯಂತೆ ಸ್ವಲ್ಪ ರಕ್ತವನ್ನು ತೆಗೆದರು, ದೇಹಕ್ಕೆ ಬೆಚ್ಚನೆಯ ಹಾಸಿಗೆ ಒದಗಿಸಿದರು. ಆಕೆ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಳು. ಮಗು ಅಕಾಲದಲ್ಲಿ ಜನಿಸಿದ್ದು, ಬದುಕಿ ಉಳಿಯುವ ಸ್ಥಿತಿಯಲ್ಲಿ ಇರಲಿಲ್ಲ ಎಂಬ ಸಾಕ್ಷ್ಯವೂ ಇದ್ದುದರಿಂದ ಆಕೆಗೆ ಕ್ಷಮಾದಾನ ದೊರೆಯಿತು. ಮುಂದೆ ಆಕೆ ಮದುವೆಯಾಗಿ ಮಕ್ಕಳನ್ನು ಪಡೆದಳು.

ಪ್ರಾಧ್ಯಾಪಕ ಹುದ್ದೆ

೧೬೫೯ರಲ್ಲಿ ವಿಲ್ಲಿಸ್ ಅವರ ಮೊದಲ ಗ್ರಂಥ ಪ್ರಕಟವಾಯಿತು. ಹುದುಗುವಿಕೆ, ಜ್ವರ ಮತ್ತು ಮೂತ್ರ ಇವುಗಳ ಬಗೆಗಿನ ಪ್ರಬಂಧಗಳು ಅದರಲ್ಲಿದ್ದವು. ದೇಹದ ಕ್ರಿಯೆಗಳನ್ನು ರಾಸಾಯನಿಕ ಬದಲಾವಣೆಗಳ ಮೂಲಕ ವಿವರಿಸುವ ಪ್ರಯತ್ನ ಅದಾಗಿತ್ತು.

೧೬೬೦ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದಾಗ ರಾಜನಿಷ್ಠರಿಗೆ ಒಳ್ಳೆಯ ದಿನಗಳು ಬಂದವು. ಗಿಲ್ಬರ್ಟ್ ಶೆಲ್ಡನ್ ಅವರ ಬೆಂಬಲದಿಂದ ವಿಲ್ಲಿಸ್ ಆಕ್ಸ್‌ಫರ್ಡಿನಲ್ಲಿ ಪ್ರಕೃತಿ ತತ್ತ್ವಶಾಸ್ತ್ರದ ಸೆಡ್ಲಿಯನ್ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅದೇ ವರ್ಷ ಅವರಿಗೆ ವೈದ್ಯಕೀಯದ ಡಾಕ್ಟರ್ ಪದವಿಯೂ ದೊರೆಯಿತು. ಅರಿಸ್ಟಾಟಲನ ಗ್ರಂಥಗಳನ್ನು ಬೋಧಿಸುವುದು ಆ ಹುದ್ದೆಯ ಸಂಪ್ರದಾಯವಾಗಿತ್ತು. ವಿಲ್ಲಿಸ್ ಅದನ್ನು ಬದಿಗಿಟ್ಟು ಮಿದುಳು, ನರಗಳು, ನಿದ್ರೆ, ಸೆಳವು, ಇಂದ್ರಿಯಗಳು ಮುಂತಾದ ವಿಷಯಗಳ ಬಗ್ಗೆ ಉಪನ್ಯಾಸ ನೀಡಿದರು. ಮುಂದೆ ತತ್ತ್ವಜ್ಞಾನಿಯಾಗಿ ಖ್ಯಾತರಾದ ಜಾನ್ ಲಾಕ್ ಈ ಉಪನ್ಯಾಸಗಳನ್ನು ಕೇಳಿದವರಲ್ಲಿ ಒಬ್ಬರು. ಅವರು ಬರೆದುಕೊಂಡ ಟಿಪ್ಪಣಿಗಳು ಉಳಿದುಬಂದಿವೆ. ಓದಿ ಹೇಳಿದರೆ ಸಾಲದು, ಮಿದುಳನ್ನು ಸ್ವತಃ ಬಿಡಿಸಿ ನೋಡಬೇಕು ಎಂಬ ನಿರ್ಧಾರಕ್ಕೆ ವಿಲ್ಲಿಸ್ ಬಂದದ್ದು ಈ ಬೋಧನೆಯ ಅವಧಿಯಲ್ಲಿಯೇ.

ಸೆರೆಬ್ರಿ ಅನಾಟಮೆ

ಮಿದುಳನ್ನು ತಲೆಬುರುಡೆಯ ಒಳಗಿಟ್ಟುಕೊಂಡೇ ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಕತ್ತರಿಸುವುದು ಅಂದಿನ ಸಾಮಾನ್ಯ ಕ್ರಮವಾಗಿತ್ತು. ಮೃದುವಾದ ಮಿದುಳು ಬೇಗ ಕೊಳೆಯುತ್ತಿದ್ದುದರಿಂದ ತಳಭಾಗವನ್ನು ತಲುಪುವಷ್ಟರಲ್ಲಿ ಅಲ್ಲಿನ ನಾಳಗಳು ಮತ್ತು ನರಗಳು ಹರಿದುಹೋಗಿರುತ್ತಿದ್ದವು. ವಿಲ್ಲಿಸ್ ಮತ್ತು ಅವರ ಸಂಗಡಿಗರು ಮಿದುಳನ್ನು ಇಡಿಯಾಗಿ ಹೊರತೆಗೆದು ತಲೆಕೆಳಗಾಗಿಸಿ ತಳಭಾಗದಿಂದ ಪರೀಕ್ಷಿಸತೊಡಗಿದರು. ಅದನ್ನು ಮದ್ಯಸಾರದಲ್ಲಿ ಕಾಪಿಡುವ ವಿಧಾನವನ್ನೂ ಬಳಸಿದರು. ಈ ಕ್ರಮದಿಂದ ತಳದ ನಾಳಗಳು ಮತ್ತು ನರಗಳ ಬುಡಗಳು ಹಾನಿಯಾಗದೆ ಕಣ್ಣಿಗೆ ಬಿದ್ದವು.

ಈ ಕಾರ್ಯವು ಒಬ್ಬರಿಂದ ಆದದ್ದಲ್ಲ. ವಿಚ್ಛೇದನದ ಬಹುಪಾಲು ಕೆಲಸವನ್ನು ರಿಚರ್ಡ್ ಲೋವರ್ ನಿರ್ವಹಿಸಿದರು. ಥಾಮಸ್ ಮಿಲ್ಲಿಂಗ್ಟನ್ ಚರ್ಚೆಗಳಲ್ಲಿ ನೆರವಾದರು. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ವಾಸ್ತುಶಿಲ್ಪಿಯಾಗಿ ವಿಖ್ಯಾತರಾದ ಕ್ರಿಸ್ಟೋಫರ್ ರೆನ್ ಮಿದುಳಿನ ಚಿತ್ರಗಳನ್ನು ರಚಿಸಿದರು. ವಿಲ್ಲಿಸ್ ತಮ್ಮ ಮುನ್ನುಡಿಯಲ್ಲಿ ಇವರೆಲ್ಲರ ನೆರವನ್ನು ಸ್ಮರಿಸಿದ್ದಾರೆ. ಗ್ರಂಥವನ್ನು ಆ ವೇಳೆಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಶೆಲ್ಡನ್ ಅವರಿಗೆ ಅರ್ಪಿಸಲಾಯಿತು.

ಗ್ರಂಥದಲ್ಲಿ ವಿಲ್ಲಿಸ್ ಮಂಡಿಸಿದ ವಿಚಾರಗಳು ಅಂದಿನ ತಿಳಿವಳಿಕೆಯನ್ನು ಬದಲಾಯಿಸಿದವು. ಪ್ರಾಚೀನ ವೈದ್ಯ ಗೇಲನ್‌ನ ಪರಂಪರೆಯಲ್ಲಿ ಮಿದುಳಿನ ಒಳಗಿನ ದ್ರವತುಂಬಿದ ಕುಹರಗಳೇ ಮಾನಸಿಕ ಶಕ್ತಿಗಳ ನೆಲೆ ಎಂಬ ಭಾವನೆಯಿತ್ತು. ವಿಲ್ಲಿಸ್ ಆ ಸ್ಥಾನವನ್ನು ಮಿದುಳಿನ ಘನಭಾಗಕ್ಕೆ ನೀಡಿದರು. ನೆನಪಿಗೆ ಮಿದುಳಿನ ಹೊರಪದರವೂ, ಇಚ್ಛೆಗೆ ಒಳಪಡದ ಚಲನೆಗಳಿಗೆ ಹಿಮ್ಮಿದುಳೂ ಆಧಾರವೆಂದರು. ದೀರ್ಘಕಾಲ ಪಾರ್ಶ್ವವಾಯುವಿನಿಂದ ನರಳಿದವರ ಮಿದುಳಿನಲ್ಲಿ ಕಾರ್ಪಸ್ ಸ್ಟ್ರಯೇಟಮ್ ಎಂಬ ಭಾಗವು ಹದಗೆಟ್ಟಿರುವುದನ್ನು ಗುರುತಿಸಿದರು. ಮಿದುಳಿನಿಂದ ನೇರವಾಗಿ ಹೊರಡುವ ನರಗಳನ್ನು ಹಿಂದಿನ ಏಳು ಜೋಡಿಗಳ ಬದಲಿಗೆ ಒಂಬತ್ತು ಜೋಡಿಗಳಾಗಿ ವಿಂಗಡಿಸಿದರು. ಇಂದಿನ ಹನ್ನೆರಡು ಜೋಡಿಗಳ ವಿಂಗಡಣೆಯು ೧೭೭೮ರಲ್ಲಿ ಜರ್ಮನಿಯ ಸೋಮರಿಂಗ್ ಅವರಿಂದ ಬಂದಿತು.

ಮಿದುಳಿನ ತಳದ ಅಪಧಮನಿಗಳ ಉಂಗುರ

ಮಿದುಳಿಗೆ ರಕ್ತವು ನಾಲ್ಕು ಪ್ರಮುಖ ನಾಳಗಳ ಮೂಲಕ ಹರಿಯುತ್ತದೆ. ಕತ್ತಿನ ಮುಂಭಾಗದಲ್ಲಿ ಎಡ ಮತ್ತು ಬಲಕ್ಕೆ ಒಂದೊಂದು ಕ್ಯಾರೋಟಿಡ್ ಅಪಧಮನಿಯೂ, ಬೆನ್ನುಮೂಳೆಯ ಬದಿಯಲ್ಲಿ ಎಡ ಮತ್ತು ಬಲಕ್ಕೆ ಒಂದೊಂದು ವರ್ಟಿಬ್ರಲ್ ಅಪಧಮನಿಯೂ ಮೇಲೇರುತ್ತವೆ. ತಲೆಬುರುಡೆಯ ಒಳಗೆ ಎರಡು ವರ್ಟಿಬ್ರಲ್ ನಾಳಗಳು ಕೂಡಿ ಒಂದಾಗುತ್ತವೆ. ಮಿದುಳಿನ ತಳದಲ್ಲಿ ಮುಂದಿನ ಹಾಗೂ ಹಿಂದಿನ ನಾಳಗಳನ್ನು ಸಣ್ಣ ಸಂಪರ್ಕ ನಾಳಗಳು ಬೆಸೆಯುವುದರಿಂದ ಉಂಗುರವು ಪೂರ್ಣಗೊಳ್ಳುತ್ತದೆ. ಎಲ್ಲ ಮನುಷ್ಯರಲ್ಲಿಯೂ ಈ ಉಂಗುರವು ಸಂಪೂರ್ಣವಾಗಿರುವುದಿಲ್ಲ; ಕೆಲವರಲ್ಲಿ ಸಂಪರ್ಕ ನಾಳಗಳು ತೀರಾ ಸಣ್ಣದಾಗಿರುತ್ತವೆ ಅಥವಾ ಇರುವುದೇ ಇಲ್ಲ.

ವಿಲ್ಲಿಸ್ ಅವರಿಗಿಂತ ಮೊದಲು ಇಟಲಿಯ ಫಲ್ಲೋಪಿಯೋ ಮತ್ತು ಕಸ್ಸೇರಿಯೋ, ಜರ್ಮನ್ ಮೂಲದ ವೆಸ್ಲಿಂಗ್, ಸ್ವಿಟ್ಜರ್ಲೆಂಡಿನ ವೆಪ್ಫರ್ ಈ ನಾಳಗಳ ಕೂಡುವಿಕೆಯನ್ನು ಭಾಗಶಃ ಅಥವಾ ಹೆಚ್ಚು ಕಡಿಮೆ ಪೂರ್ಣವಾಗಿ ವರ್ಣಿಸಿದ್ದರು. ವೆಪ್ಫರ್ ಅವರ ೧೬೫೮ರ ಗ್ರಂಥವು ಮಿದುಳಿನೊಳಗಿನ ರಕ್ತಸ್ರಾವವು ಪಾರ್ಶ್ವವಾಯುವಿಗೆ ಕಾರಣವಾಗಬಲ್ಲದೆಂದು ತೋರಿಸಿತ್ತು. ಉಂಗುರವು ಯಾವ ಉದ್ದೇಶಕ್ಕಾಗಿ ಇದೆ ಎಂಬ ಪ್ರಶ್ನೆಯನ್ನು ವಿಲ್ಲಿಸ್ ಮುಂದಿಟ್ಟರು.

ಉತ್ತರದ ಒಂದು ಭಾಗವು ಪ್ರಯೋಗದಿಂದ ದೊರೆಯಿತು. ಒಂದು ಕ್ಯಾರೋಟಿಡ್ ನಾಳಕ್ಕೆ ಬಣ್ಣದ ದ್ರವವನ್ನು ತುಂಬಿದಾಗ ಅದು ಉಂಗುರದ ಮೂಲಕ ಹಾದು ಎದುರು ಬದಿಯ ನಾಳಗಳಲ್ಲಿಯೂ ಕಾಣಿಸಿಕೊಂಡಿತು. ಜೀವಂತ ನಾಯಿಯ ಕ್ಯಾರೋಟಿಡ್ ನಾಳಗಳನ್ನು ಕಟ್ಟಿದಾಗಲೂ ಪ್ರಾಣಿಯು ಸಾಯಲಿಲ್ಲ. ರಕ್ತವು ಮತ್ತೊಂದು ದಾರಿಯಿಂದ ಮಿದುಳನ್ನು ತಲುಪುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಉತ್ತರದ ಇನ್ನೊಂದು ಭಾಗವು ಶವಪರೀಕ್ಷೆಯೊಂದರಿಂದ ಬಂದಿತು. ಹೊಟ್ಟೆಯೊಳಗಿನ ದೊಡ್ಡ ಗೆಡ್ಡೆಯಿಂದ ಮೃತಪಟ್ಟ ವ್ಯಕ್ತಿಯೊಬ್ಬನ ತಲೆಯನ್ನು ಪರೀಕ್ಷಿಸಿದಾಗ ಬಲಬದಿಯ ಕ್ಯಾರೋಟಿಡ್ ನಾಳವು ತಲೆಬುರುಡೆಯ ಒಳಗೆ ಕಲ್ಲಿನಂತೆ ಗಟ್ಟಿಯಾಗಿ, ಅದರ ಒಳದಾರಿಯು ಬಹುತೇಕ ಮುಚ್ಚಿಹೋಗಿತ್ತು. ಆ ಬದಿಯ ಮಿದುಳಿಗೆ ಮುಖ್ಯ ದಾರಿಯಿಂದ ರಕ್ತ ಹರಿಯುವುದು ಸಾಧ್ಯವಿರಲಿಲ್ಲ. ಆದರೂ ಆ ವ್ಯಕ್ತಿಗೆ ಪಾರ್ಶ್ವವಾಯು ತಗಲಿರಲಿಲ್ಲ. ಕಾರಣವನ್ನು ಹುಡುಕಿದಾಗ ಅದೇ ಬದಿಯ ವರ್ಟಿಬ್ರಲ್ ನಾಳವು ಎದುರು ಬದಿಯದಕ್ಕಿಂತ ಮೂರು ಪಟ್ಟು ದಪ್ಪವಾಗಿ ಬೆಳೆದಿರುವುದು ಕಂಡುಬಂದಿತು. ಒಂದು ನಾಳವು ನಿಧಾನವಾಗಿ ಮುಚ್ಚುತ್ತಿದ್ದಂತೆ ಇನ್ನೊಂದು ನಾಳವು ಹಿಗ್ಗಿ ಅದರ ಹೊಣೆಯನ್ನು ಹೊತ್ತುಕೊಂಡಿತ್ತು. ಮಿದುಳಿನ ಯಾವ ಭಾಗವೂ ಒಂದೇ ನಾಳವನ್ನು ನಂಬಿಕೊಂಡು ಇರದಂತೆ ಉಂಗುರವು ರಕ್ಷಣೆ ನೀಡುತ್ತದೆ ಎಂದು ವಿಲ್ಲಿಸ್ ನಿರ್ಣಯಿಸಿದರು.

ಲಂಡನ್ನಿನ ವರ್ಷಗಳು

ವಿಲ್ಲಿಸ್ ೧೬೬೩ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ೧೬೬೭ರಲ್ಲಿ ಶೆಲ್ಡನ್ ಅವರ ಆಹ್ವಾನದ ಮೇರೆಗೆ ಲಂಡನ್ನಿಗೆ ತೆರಳಿ ಸೇಂಟ್ ಮಾರ್ಟಿನ್ಸ್ ಲೇನ್‌ನಲ್ಲಿ ನೆಲೆಸಿದರು. ಹಿಂದಿನ ವರ್ಷವಷ್ಟೇ ಮಹಾ ಅಗ್ನಿ ದುರಂತದಲ್ಲಿ ನಗರದ ಬಹುಭಾಗವು ಸುಟ್ಟುಹೋಗಿತ್ತು. ಅವರು ಬಹುಬೇಗ ಲಂಡನ್ನಿನ ಅತ್ಯಂತ ಬೇಡಿಕೆಯ ವೈದ್ಯರಲ್ಲಿ ಒಬ್ಬರಾದರು. ಸಂತೆಗಳಲ್ಲಿ ರೋಗಿಗಳಿಗಾಗಿ ಕಾಯುತ್ತಿದ್ದ ವೈದ್ಯರು ಈಗ ಶ್ರೀಮಂತರಾಗಿದ್ದರು. ಗಳಿಕೆಯ ಒಂದು ಭಾಗವನ್ನು ಬಡವರಿಗಾಗಿ ಮೀಸಲಿಡುವ ರೂಢಿ ಅವರಿಗಿತ್ತು. ೧೬೭೦ರಲ್ಲಿ ಪತ್ನಿ ಮೇರಿ ನಿಧನರಾದರು. ೧೬೭೨ರಲ್ಲಿ ವಿಲ್ಲಿಸ್ ಎಲಿಜಬೆತ್ ಕ್ಯಾಲಿ ಅವರನ್ನು ಮದುವೆಯಾದರು.

ವೃತ್ತಿಯ ಒತ್ತಡದ ನಡುವೆಯೂ ಗ್ರಂಥರಚನೆ ನಿಲ್ಲಲಿಲ್ಲ. ೧೬೬೭ರಲ್ಲಿ ಪ್ರಕಟವಾದ ಪಥಾಲಜಿಯೆ ಸೆರೆಬ್ರಿ ಎಂಬ ಗ್ರಂಥವು ಮೂರ್ಛೆರೋಗ ಮತ್ತು ಸೆಳವುಗಳನ್ನು ಕುರಿತದ್ದು. ಹಿಸ್ಟೀರಿಯಾ ಎಂಬ ಕಾಯಿಲೆಗೆ ಗರ್ಭಕೋಶವೇ ಕಾರಣವೆಂಬ ಹಳೆಯ ನಂಬಿಕೆಯನ್ನು ವಿಲ್ಲಿಸ್ ತಿರಸ್ಕರಿಸಿ, ಅದರ ಮೂಲವು ಮಿದುಳು ಮತ್ತು ನರಗಳಲ್ಲಿದೆ ಎಂದರು. ೧೬೭೨ರ ಡಿ ಅನಿಮಾ ಬ್ರೂಟೋರಮ್ ಎಂಬ ಗ್ರಂಥದಲ್ಲಿ ತಲೆನೋವು, ಪಾರ್ಶ್ವವಾಯು, ಬುದ್ಧಿಭ್ರಮಣೆ ಮುಂತಾದವುಗಳ ವಿವರಗಳಿವೆ. ದಿನವಿಡೀ ದಣಿದಂತೆ ಸ್ನಾಯುಗಳು ಬಲಹೀನವಾಗುತ್ತಾ ಹೋಗುವ ರೋಗಿಗಳನ್ನೂ ಅದರಲ್ಲಿ ವರ್ಣಿಸಿದ್ದಾರೆ; ಇದು ಇಂದು ಮಯಸ್ತೇನಿಯ ಗ್ರೇವಿಸ್ ಎಂದು ಕರೆಯಲಾಗುವ ರೋಗದ ಆರಂಭಿಕ ವರ್ಣನೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

೧೬೭೪ರಿಂದ ಪ್ರಕಟವಾದ ಫಾರ್ಮಸ್ಯೂಟಿಸೆ ರ‍್ಯಾಶನಾಲಿಸ್ ಎಂಬ ಕೊನೆಯ ಗ್ರಂಥದಲ್ಲಿ ಮಧುಮೇಹಿಗಳ ಮೂತ್ರವು ಸಿಹಿಯಾಗಿರುತ್ತದೆ ಎಂಬುದನ್ನು ವಿಲ್ಲಿಸ್ ದಾಖಲಿಸಿದರು. ಯುರೋಪಿನಲ್ಲಿ ಇದು ಹೊಸ ವಿಷಯವಾಗಿದ್ದರೂ ಭಾರತದ ಆಯುರ್ವೇದ ಗ್ರಂಥಗಳಾದ ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಇದರ ಅರಿವು ಬಹಳ ಹಿಂದಿನಿಂದಲೇ ಇತ್ತು. ಕನ್ನಡದಲ್ಲಿಯೂ ಬಳಕೆಯಲ್ಲಿರುವ ಮಧುಮೇಹ ಎಂಬ ಹೆಸರೇ ಅದಕ್ಕೆ ಸಾಕ್ಷಿ.

ನಿಧನ

ವಿಲ್ಲಿಸ್ ೧೬೭೫ರ ನವೆಂಬರ್ ೧೧ರಂದು ಶ್ವಾಸಕೋಶದ ಸೋಂಕಿನಿಂದ ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ ೫೪ ವರ್ಷ ವಯಸ್ಸಾಗಿತ್ತು. ಅವರ ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಲಾಯಿತು. ಕೊನೆಯ ಗ್ರಂಥದ ಎರಡನೆಯ ಭಾಗವು ಅವರ ಮರಣಾನಂತರ ಹೊರಬಂದಿತು. ಸೆರೆಬ್ರಿ ಅನಾಟಮೆಯ ಇಂಗ್ಲಿಷ್ ಅನುವಾದವನ್ನು ಸ್ಯಾಮ್ಯುಯೆಲ್ ಪೋರ್ಡೇಜ್ ೧೬೮೧ರಲ್ಲಿ ಪ್ರಕಟಿಸಿದರು. ಪುರಾತತ್ತ್ವ ಸಂಶೋಧಕ ಬ್ರೌನ್ ವಿಲ್ಲಿಸ್ ಇವರ ಮೊಮ್ಮಗ. ಮಿದುಳಿನ ಉಂಗುರಕ್ಕೆ ವಿಲ್ಲಿಸ್ ಅವರ ಹೆಸರು ಅಂಟಿಕೊಂಡಿದ್ದು ಹದಿನೆಂಟನೆಯ ಶತಮಾನದಲ್ಲಿ, ಸ್ವಿಸ್ ವಿದ್ವಾಂಸ ಆಲ್ಬ್ರೆಕ್ಟ್ ಫಾನ್ ಹಾಲರ್ ಅವರ ಬರಹದಿಂದ.

ವಿಲ್ಲಿಸ್ ವರ್ತುಲ ಮತ್ತು ಮೋಯಾಮೋಯಾ ಕಾಯಿಲೆ

ವಿಲ್ಲಿಸ್ ಅವರ ಕಾಲದಲ್ಲಿ ಉಂಗುರದ ನಾಳಗಳನ್ನು ಮರಣಾನಂತರ ಮಾತ್ರ ನೋಡಲು ಸಾಧ್ಯವಿತ್ತು. ೧೯೨೭ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಕ್ಷಕಿರಣದ ನೆರವಿನಿಂದ ಜೀವಂತ ಮನುಷ್ಯರ ಮಿದುಳಿನ ನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಫಿ ವಿಧಾನವನ್ನು ರೂಪಿಸಿದರು. ಈ ವಿಧಾನವು ಜಪಾನಿನಲ್ಲಿ ಬಳಕೆಗೆ ಬಂದ ಮೇಲೆ, ಉಂಗುರದ ನಾಳಗಳೇ ಮುಚ್ಚಿಹೋಗುವ ಅಪರೂಪದ ಕಾಯಿಲೆಯೊಂದು ಗಮನಕ್ಕೆ ಬಂದಿತು. ೧೯೫೭ರಲ್ಲಿ ಟಕೆಯುಚಿ ಮತ್ತು ಶಿಮಿಝು ಇದರ ಮೊದಲ ವರದಿ ನೀಡಿದರು. ೧೯೬೯ರಲ್ಲಿ ಜಿರೋ ಸುಜುಕಿ ಮತ್ತು ಅಕಿರಾ ತಕಾಕು ಇದಕ್ಕೆ ಮೋಯಾಮೋಯಾ ಎಂದು ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಈ ಪದವು ಗಾಳಿಯಲ್ಲಿ ಮಬ್ಬಾಗಿ ತೇಲುವ ಹೊಗೆಯಂತಹ ನೋಟವನ್ನು ಸೂಚಿಸುತ್ತದೆ. ಕ್ಷಕಿರಣ ಚಿತ್ರದಲ್ಲಿ ಮಿದುಳಿನ ತಳದ ಸಣ್ಣ ನಾಳಗಳ ಜಾಲವು ಹಾಗೆಯೇ ಕಾಣುತ್ತದೆ. ಜಪಾನಿನ ವೈದ್ಯಕೀಯ ಬರಹಗಳಲ್ಲಿ ಈ ಕಾಯಿಲೆಯನ್ನು ವಿಲ್ಲಿಸ್ ವರ್ತುಲವು ತಾನಾಗಿಯೇ ಮುಚ್ಚಿಕೊಳ್ಳುವಿಕೆ ಎಂಬ ಅರ್ಥದ ಹೆಸರಿನಿಂದಲೂ ಗುರುತಿಸಲಾಗುತ್ತಿತ್ತು.

ಅಪಧಮನಿಯ ಗೋಡೆಯಲ್ಲಿ ಒಳಪದರ, ಸ್ನಾಯುಗಳಿಂದ ಕೂಡಿದ ಮಧ್ಯಪದರ ಮತ್ತು ಹೊರಪದರ ಎಂಬ ಮೂರು ಪದರಗಳಿರುತ್ತವೆ. ಒಳ ಮತ್ತು ಮಧ್ಯಪದರಗಳ ನಡುವೆ ರಬ್ಬರಿನಂತೆ ಹಿಗ್ಗಿ ಕುಗ್ಗಬಲ್ಲ ತೆಳುವಾದ ಹಾಳೆಯೊಂದಿದೆ. ಮೋಯಾಮೋಯಾ ಕಾಯಿಲೆಯಲ್ಲಿ ಕ್ಯಾರೋಟಿಡ್ ನಾಳದ ತುದಿ ಹಾಗೂ ಅಲ್ಲಿಂದ ಕವಲೊಡೆಯುವ ನಾಳಗಳ ಬುಡದಲ್ಲಿ ಮುಖ್ಯ ಬದಲಾವಣೆಗಳು ಉಂಟಾಗುತ್ತವೆ. ನಯವಾದ ಸ್ನಾಯುಕೋಶಗಳು ಒಳಪದರದಲ್ಲಿ ಹೆಚ್ಚಿ, ನಾರಿನಂಶದೊಂದಿಗೆ ಸೇರಿ ಅದನ್ನು ದಪ್ಪಗೊಳಿಸುತ್ತವೆ. ನಡುವಿನ ಹಾಳೆಯು ಸುಕ್ಕುಗಟ್ಟಿ ಅಂಕುಡೊಂಕಾಗುತ್ತದೆ, ಹಲವೆಡೆ ಪದರಪದರವಾಗಿ ಸೀಳುತ್ತದೆ. ಮಧ್ಯಪದರವು ತೆಳುವಾಗುತ್ತದೆ. ನಾಳದ ಹೊರ ಅಳತೆಯೇ ಕುಗ್ಗುವುದೂ ಉಂಟು. ಕೊಬ್ಬು ಸಂಚಯಿಸಿ ನಾಳವು ಗಟ್ಟಿಯಾಗುವ ಸಾಮಾನ್ಯ ರೋಗದಲ್ಲಿ ಕಾಣುವ ಕೊಬ್ಬಿನ ಗೆಡ್ಡೆಗಳಾಗಲಿ, ಉರಿಯೂತದ ಕೋಶಗಳ ದಟ್ಟಣೆಯಾಗಲಿ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ಕಾರಣದಿಂದ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಪರಿಗಣಿಸಲಾಗಿದೆ.

ಮುಖ್ಯ ನಾಳವು ಕಿರಿದಾಗುತ್ತಿದ್ದಂತೆ ಮಿದುಳಿನ ಆಳಕ್ಕೆ ಹೋಗುವ ಕೂದಲೆಳೆಯಂತಹ ನಾಳಗಳು ಹಿಗ್ಗಿ ರಕ್ತಕ್ಕೆ ಬದಲಿ ದಾರಿಯಾಗುತ್ತವೆ. ಹೊಗೆಯಂತೆ ಕಾಣುವುದು ಈ ನಾಳಗಳ ಜಾಲವೇ. ಆದರೆ ಅಷ್ಟು ರಕ್ತವನ್ನು ಹೊರಲು ಅವುಗಳ ಗೋಡೆ ತಕ್ಕುದಾಗಿರುವುದಿಲ್ಲ. ಗೋಡೆಯು ತೆಳುವಾಗಿ, ಒಳಗಿನ ಹಾಳೆ ತುಂಡಾಗಿ, ಅಲ್ಲಲ್ಲಿ ಸಣ್ಣ ಉಬ್ಬುಗಳು ಮೂಡುತ್ತವೆ. ಹೀಗಾಗಿ ರೋಗಿಗೆ ಎರಡು ಬಗೆಯ ಅಪಾಯವಿದೆ: ರಕ್ತದ ಕೊರತೆಯಿಂದ ಪಾರ್ಶ್ವವಾಯು ಮತ್ತು ಬದಲಿ ನಾಳಗಳು ಒಡೆದು ರಕ್ತಸ್ರಾವ. ಮಕ್ಕಳಲ್ಲಿ ಮೊದಲನೆಯದು ಹೆಚ್ಚು. ಜೋರಾಗಿ ಅತ್ತಾಗ ಅಥವಾ ಬಿಸಿ ಆಹಾರವನ್ನು ಊದಿ ತಣಿಸುವಾಗ ವೇಗವಾಗಿ ಉಸಿರಾಡುವುದರಿಂದ ಮಿದುಳಿನ ನಾಳಗಳು ಸಂಕುಚಿಸಿ, ಕೈಕಾಲುಗಳಲ್ಲಿ ತಾತ್ಕಾಲಿಕ ಬಲಹೀನತೆ ಕಾಣಿಸಬಹುದು. ವಯಸ್ಕರಲ್ಲಿ ರಕ್ತಸ್ರಾವದ ಪ್ರಮಾಣವು ಮಕ್ಕಳಿಗಿಂತ ಹೆಚ್ಚು. ಜಪಾನ್, ಕೊರಿಯಾ ಮತ್ತು ಚೀನಾಗಳಲ್ಲಿ ಈ ಕಾಯಿಲೆ ಹೆಚ್ಚಾಗಿ ಕಂಡುಬರುತ್ತದೆಯಾದರೂ ಇತರ ದೇಶಗಳಲ್ಲಿಯೂ ಇದೆ. ಪೂರ್ವ ಏಷ್ಯಾದ ರೋಗಿಗಳಲ್ಲಿ ಆರ್‌ಎನ್‌ಎಫ್ ೨೧೩ ಎಂಬ ಜೀನಿನ ವ್ಯತ್ಯಾಸಕ್ಕೂ ಈ ಕಾಯಿಲೆಗೂ ಸಂಬಂಧವಿರುವುದು ೨೦೧೧ರಲ್ಲಿ ವರದಿಯಾಯಿತು.

ಗೋಡೆಯ ಬದಲಾವಣೆಯನ್ನು ಹಿಂದಿರುಗಿಸುವ ಔಷಧ ಇಲ್ಲ. ತಲೆಬುರುಡೆಯ ಹೊರಗಿನ ಆರೋಗ್ಯವಂತ ನಾಳವೊಂದನ್ನು ಮಿದುಳಿನ ಮೇಲ್ಮೈಯ ನಾಳಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ ಮುಖ್ಯ ಪರಿಹಾರವಾಗಿದೆ. ಇಂತಹ ಜೋಡಣೆಯನ್ನು ೧೯೬೭ರಲ್ಲಿ ಜ್ಯೂರಿಚ್‌ನಲ್ಲಿ ಗಾಜಿ ಯಾಸರ್ಗಿಲ್ ಯಶಸ್ವಿಯಾಗಿ ನಡೆಸಿದರು. ಮುಂದೆ ಅದನ್ನು ಮೋಯಾಮೋಯಾ ರೋಗಿಗಳಿಗೂ ಅನ್ವಯಿಸಲಾಯಿತು. ಮುಚ್ಚಿದ ದಾರಿಗೆ ಬದಲಾಗಿ ಮತ್ತೊಂದು ದಾರಿಯಿಂದ ರಕ್ತವನ್ನು ತಲುಪಿಸುವುದೇ ಇದರ ತತ್ತ್ವ. ವಿಲ್ಲಿಸ್ ಶವಪರೀಕ್ಷೆಯಲ್ಲಿ ಕಂಡ ದಪ್ಪನಾದ ವರ್ಟಿಬ್ರಲ್ ನಾಳವು ಇದೇ ಕೆಲಸವನ್ನು ಸಹಜವಾಗಿ ಮಾಡಿತ್ತು.

ಮೌಲ್ಯಮಾಪನ

ವಿಲ್ಲಿಸ್ ಮೋಯಾಮೋಯಾ ಕಾಯಿಲೆಯನ್ನು ಕಂಡಿದ್ದರೆಂದು ಹೇಳಲು ಆಧಾರವಿಲ್ಲ. ಅವರ ರೋಗಿಯ ನಾಳವು ಕಲ್ಲಿನಂತೆ ಗಟ್ಟಿಯಾಗಿತ್ತು. ಮೋಯಾಮೋಯಾದಲ್ಲಿ ಗೋಡೆಯು ಹಾಗೆ ಗಟ್ಟಿಯಾಗುವುದಿಲ್ಲ. ಜೀವಕೋಶಗಳ ಪರಿಕಲ್ಪನೆಯು ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದ್ದರಿಂದ ನಾಳದ ಗೋಡೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯುವ ಸಾಧನ ಅವರಲ್ಲಿರಲಿಲ್ಲ. ರಕ್ತದಿಂದ ಮಿದುಳಿನಲ್ಲಿ ಸೂಕ್ಷ್ಮವಾದ ಚೈತನ್ಯದ್ರವ್ಯವು ಬಟ್ಟಿಯಿಳಿದು ನರಗಳಲ್ಲಿ ಹರಿಯುತ್ತದೆ ಎಂಬ ಅವರ ಸಿದ್ಧಾಂತವನ್ನು ನಂತರದ ವಿಜ್ಞಾನವು ಕೈಬಿಟ್ಟಿತು. ಮಿದುಳಿನ ಭಾಗಗಳಿಗೆ ಅವರು ಹಂಚಿದ ಹಲವು ಕಾರ್ಯಗಳೂ ಸರಿಯೆನಿಸಲಿಲ್ಲ.

ಆದರೆ ನಾಳವೊಂದು ಮುಚ್ಚಿದಾಗ ಅದರ ಪರಿಣಾಮವು ಆ ನಾಳವನ್ನಷ್ಟೇ ಅವಲಂಬಿಸಿಲ್ಲ, ಮುಚ್ಚುವಿಕೆಯ ವೇಗ ಮತ್ತು ಉಳಿದ ನಾಳಗಳ ಸಾಮರ್ಥ್ಯವನ್ನೂ ಅವಲಂಬಿಸಿದೆ ಎಂಬ ತಿಳಿವಳಿಕೆಗೆ ಅವರ ವೀಕ್ಷಣೆಗಳು ದಾರಿ ಮಾಡಿಕೊಟ್ಟವು. ಪಾರ್ಶ್ವವಾಯುವಿನ ರೋಗಿಯೊಬ್ಬರ ಮ��ದುಳಿನ ನಾಳಗಳ ಚಿತ್ರವನ್ನು ಪರಿಶೀಲಿಸುವ ವೈದ್ಯರು ಇಂದಿಗೂ ಮುಚ್ಚಿದ ನಾಳದ ಜೊತೆಗೆ ವಿಲ್ಲಿಸ್ ವರ್ತುಲವು ಎಷ್ಟರಮಟ್ಟಿಗೆ ಪೂರ್ಣವಾಗಿದೆ ಎಂಬುದನ್ನೂ ಗಮನಿಸುತ್ತಾರೆ.